ನಮ್ಮ ಹಲ್ಲು, ಅವರ ಪ್ರಬಂಧ

ಹುಟ್ಟಿದಾಗಿನಿಂದ ನಮಗೆ ಎಲ್ಲರೂ ಹೇಳಿಕೊಂಡು ಬಂದದ್ದು ಒಂದೇ ಮಾತು: ಬಾಯಿ ಮುಚ್ಚು. ದಣಿಯ ಜಗಲಿಯ ಮುಂದೆ ಬಾಯಿ ಮುಚ್ಚು. ಠಾಣೆಯ ಮುಂದೆ ಬಾಯಿ ಮುಚ್ಚು. ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಬಾಯಿ ಮುಚ್ಚು. ಇಂಥ ನಮಗೆ ಏಳನೇ ಕ್ಲಾಸಿನಲ್ಲಿದ್ದಾಗ ಒಬ್ಬರು ಬಂದು 'ಬಾಯಿ ತೆಗಿ' ಅಂದರು. ನಮಗೆ ನಂಬಿಕೆಯೇ ಬರಲಿಲ್ಲ.

ಬಿಳೀ ಕೋಟು ಹಾಕಿದ್ದರು. ಅವರು ಬಂದ ವ್ಯಾನು ಹುಣಸೇಮರದ ಕೆಳಗೆ ನಿಂತಿತ್ತು. ಹೆಡ್‌ಮೇಷ್ಟ್ರು ಒಂದು ಕಾಗದಕ್ಕೆ ಸಹಿ ಹಾಕಿದರು. ನಮ್ಮ ಅಪ್ಪ ಅವ್ವಂದಿರನ್ನು ಯಾರೂ ಕೇಳಲಿಲ್ಲ. ಅವರು ಕೂಲಿಗೆ ಹೋಗಿದ್ದರು. ನಮ್ಮನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. ಒಬ್ಬರು ಬಾಯೊಳಗೆ ಸಣ್ಣ ಕನ್ನಡಿ ಇಟ್ಟು ನೋಡುತ್ತಿದ್ದರು, ಒಂದು ಅಂಕಿ ಕೂಗುತ್ತಿದ್ದರು. ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಎರಡು. ಮೂರು. ಎರಡು. ನಾಲ್ಕು. ನಾಲ್ಕು ಬಂದವನು ಕುಣಿದಾಡಿಬಿಟ್ಟ. ಅದು ಮಾರ್ಕ್ಸು ಅಂತ ತಿಳಿದಿದ್ದೆವು. ಲೆಕ್ಕದಲ್ಲಿ ಯಾವತ್ತೂ ಪಾಸಾಗದಿದ್ದವನು ಅವತ್ತು ಇಡೀ ಕ್ಲಾಸಿಗೇ ಮೊದಲು ಬಂದಿದ್ದ. ಸಂಜೆ ಓಡಿಹೋಗಿ ಅವ್ವನಿಗೆ ಹೇಳಿದ: 'ನಂಗೆ ನಾಲ್ಕು ಬಂತು ಕಣವ್ವಾ.'

ಹೋಗುವಾಗ ಒಬ್ಬೊಬ್ಬರ ಕೈಗೂ ಒಂದೊಂದು ಪುಟ್ಟ ಟೂತ್‌ಪೇಸ್ಟು ಕೊಟ್ಟರು. ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು. ಮತ್ತೆ ಬರಲಿಲ್ಲ.

ಆ ನಾಲ್ಕು ಏನು ಅಂತ ನಮಗೆ ಗೊತ್ತಾದದ್ದು ಡಿಗ್ರಿ ಮುಗಿದ ಮೇಲೆ. ಟ್ರೆಂಡ್ಲಿ ಡೀನ್ ಎಂಬ ಅಮೆರಿಕದ ದಂತವೈದ್ಯ 1934ರಲ್ಲಿ ಮಾಡಿದ, 1942ರಲ್ಲಿ ತಿದ್ದಿದ ಒಂದು ಅಳತೆ ಅದು. ಸೊನ್ನೆ ಅಂದರೆ ಒಳ್ಳೆಯ ಹಲ್ಲು. ಅರ್ಧ ಅಂದರೆ ಅನುಮಾನ. ಒಂದು, ಎರಡು ಅಂದರೆ ಸುಣ್ಣ ಬಳಿದ ಹಾಗೆ ಬಿಳೀ ಮಚ್ಚೆ. ಮೂರು ಅಂದರೆ ಕಂದು ಬಣ್ಣ ಹತ್ತಿದ್ದು. ನಾಲ್ಕು ಅಂದರೆ ಹಲ್ಲಿನ ಮೈಯೇ ಗುಳಿಬಿದ್ದು, ಹುಳ ತಿಂದ ಮರದ ಹಾಗೆ ಆಗಿಹೋದದ್ದು. ನಮ್ಮ ಗೆಳೆಯ ಮೊದಲ ಸ್ಥಾನ ಬಂದಿದ್ದು ಅದರಲ್ಲಿ. ಅವನು ಈಗಲೂ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನಿಗೆ ಹೆಣ್ಣು ನೋಡಲು ಹೋದಲ್ಲಿ 'ಹುಡುಗ ಹೊಗೆಸೊಪ್ಪು ಹಾಕ್ತಾನಾ?' ಅಂತ ಕೇಳುತ್ತಾರೆ. ಅವನು ಹಾಕುವುದಿಲ್ಲ. ಅವನು ಮಾಡಿದ ಚಟ ಒಂದೇ, ನೀರು ಕುಡಿದದ್ದು.

ಅವತ್ತು ಕೊಟ್ಟ ಆ ಪೇಸ್ಟಿನಲ್ಲೂ ಫ್ಲೋರೈಡು ಇತ್ತು. ಫ್ಲೋರೈಡು ಹೆಚ್ಚಾಗಿ ಹಲ್ಲು ಕೆಟ್ಟ ಊರಿಗೆ ಫ್ಲೋರೈಡಿನ ಪೇಸ್ಟು! ಉಗಿಯಬೇಕು, ನುಂಗಬಾರದು, ಚಿಕ್ಕ ಮಕ್ಕಳಿಗೆ ಕಾಳಿನಷ್ಟು ಸಾಕು ಅಂತ ಹೇಳುವ ಒಂದು ಮಾತನ್ನೂ ಯಾರೂ ಹೇಳಲಿಲ್ಲ. ಸಿಹಿಯಾಗಿದೆ ಅಂತ ನಾವು ಅರ್ಧ ತಿಂದೇಬಿಟ್ಟೆವು.

ಗೆಳೆಯರೇ, ಆ ವ್ಯಾನು ಯಾಕೆ ಬಂದಿತ್ತು? ರೋಗ ವಾಸಿ ಮಾಡಲಿಕ್ಕೆ ಬಂದಿರಲಿಲ್ಲ. ಒಬ್ಬರ ಪ್ರಬಂಧಕ್ಕೆ ಬಂದಿತ್ತು.

ದಂತವೈದ್ಯದಲ್ಲಿ ಎಂ.ಡಿ.ಎಸ್. ಅಂತ ಒಂದು ಸ್ನಾತಕೋತ್ತರ ಪದವಿ ಇದೆ. ಮೂರು ವರ್ಷ. ರೋಗಿಗಳ ಬಾಯಲ್ಲಿ ಕೆಲಸ ಕಲಿಯುವುದರ ಜತೆಗೆ ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು. ಒಬ್ಬ ಮಾರ್ಗದರ್ಶಕರ ಕೈಕೆಳಗೆ ಬರೆಯಬೇಕು. ಅವರನ್ನು ಅಲ್ಲಿ ಗೈಡ್ ಅನ್ನುತ್ತಾರೆ. ಸೇರಿದ ಆರು ತಿಂಗಳೊಳಗೆ ವಿಷಯ ನೋಂದಣಿಯಾಗಬೇಕು. ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅಂಕಿ ಅಂಶ ಕೂಡಿಸಬೇಕು. ಕೊನೆಯ ಪರೀಕ್ಷೆಗೆ ಆರು ತಿಂಗಳು ಮೊದಲೇ ಪ್ರಬಂಧ ಒಪ್ಪಿಸಬೇಕು. ಗೈಡಿನ ಸಹಿ ಇಲ್ಲದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಮೂರು ವರ್ಷ ನೀರಲ್ಲಿ ಹೋಮ.

ಈ ಪ್ರಬಂಧಗಳಿಗೆ ಬಾಯಿಗಳು ಬೇಕು. ಬಾಯಿ ಎಲ್ಲಿ ಸಿಗುತ್ತೆ? ಜಯನಗರದ, ಮಲ್ಲೇಶ್ವರದ ಬಾಯಿಗಳು ಬಿಸಿಲಲ್ಲಿ ಸಾಲು ನಿಲ್ಲೋದಿಲ್ಲ. ಆ ಬಾಯಿ 'ಯಾಕೆ? ಏನಕ್ಕೆ? ನನಗೇನು ಲಾಭ?' ಅಂತ ಕೇಳುತ್ತೆ. ಅದರಿಂದ ಚಿಕ್ಕಬಳ್ಳಾಪುರಕ್ಕೆ ಬರಬೇಕು. ಗೌರಿಬಿದನೂರಿಗೆ, ಚಿಂತಾಮಣಿಗೆ, ಶಿಡ್ಲಘಟ್ಟಕ್ಕೆ ಬರಬೇಕು. ಇಲ್ಲಿ ಕೇಳದೇ ತೆಗೆಯುವ ಬಾಯಿಗಳಿವೆ. ಮೇಲಾಗಿ ಕೊಳವೆಬಾವಿಯ ನೀರು ಹಲ್ಲಿನ ಮೇಲೆ ಬರೆದಿಟ್ಟ ವಿಷಯವೂ ಸಿದ್ಧವಾಗಿದೆ.

ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನಮ್ಮ ಅಕ್ಕತಂಗಿಯರು ಬಿಸಿನೀರಲ್ಲಿ ಬೆರಳು ಬೇಯಿಸಿಕೊಂಡು ಗೂಡಿನಿಂದ ನೂಲು ತೆಗೀತಾರೆ. ನೂಲು ಮಾರುಕಟ್ಟೆಗೆ ಹೋಗುತ್ತೆ. ಒಳಗಿದ್ದ ಹುಳ ಏನಾಯಿತು ಅಂತ ಸೀರೆ ಉಟ್ಟವರು ಕೇಳಲ್ಲ. ನಮ್ಮ ಬಾಯಿಂದ ತೆಗೆದ ಅಂಕಿಯೂ ಹಾಗೇನೇ. ಅಂಕಿ ಬೆಂಗಳೂರಿಗೆ ಹೋಯಿತು. ಹಲ್ಲು ಇಲ್ಲೇ ಉಳಿಯಿತು.

*

ಈಗ ನೀರಿನ ಮಾತು.

ನಂದಿ ಬೆಟ್ಟದ ಸುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುತ್ತವೆ ಅಂತ ನಾಲ್ಕನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದರು. ನದಿ ಹುಟ್ಟುವ ಜಾಗದಲ್ಲಿ ಕುಡಿಯೋಕೆ ನೀರಿಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆ ನಮ್ಮ ಜಿಲ್ಲೆಯಲ್ಲಿಲ್ಲ. ನಮ್ಮ ಹಿರಿಯರು ಕೆರೆ ಕಟ್ಟಿ ಬದುಕಿದರು. ಕೆರೆ ಕಟ್ಟುವಾಗ ಮಣ್ಣು ಹೊತ್ತವರು ನಾವು, ತೂಬು ಕಾದ ನೀರಗಂಟಿಗಳು ನಾವು. ಆಮೇಲೆ ಕೆರೆ ಹೂಳಿತು, ಒತ್ತುವರಿಯಾಯಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅನ್ನೋ ಚಂದದ ಹೆಸರಿನಲ್ಲಿ ಹೊಲ ಗೋಮಾಳಗಳಲ್ಲೆಲ್ಲ ನೀಲಗಿರಿ ಎದ್ದಿತು. ಬಾವಿ ಬತ್ತಿತು. ದುಡ್ಡಿದ್ದವನು ಕೊಳವೆಬಾವಿ ಕೊರೆದ. ಇನ್ನೂ ದುಡ್ಡಿದ್ದವನು ಇನ್ನೂ ಆಳಕ್ಕೆ ಕೊರೆದ. ಸಾವಿರ ಅಡಿ ದಾಟಿತು. ಅಲ್ಲಿ ಕಲ್ಲಿನ ಬಿರುಕುಗಳಲ್ಲಿ ಎಷ್ಟೋ ಕಾಲದಿಂದ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಕೂತಿತ್ತು. ಅದನ್ನು ಮೇಲಕ್ಕೆತ್ತಿ ನಮ್ಮ ಕೊಡಕ್ಕೆ ಬಿಟ್ಟರು.

ಒಂದು ಲೀಟರು ಕುಡಿಯುವ ನೀರಿನಲ್ಲಿ ಫ್ಲೋರೈಡು 1 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ನಮ್ಮ ದೇಶದ ಮಾನಕ. ಬೇರೆ ನೀರು ಸಿಗದೇ ಹೋದರೆ ಮಾತ್ರ 1.5ರ ತನಕ ಕುಡಿಯಬಹುದು ಅನ್ನುತ್ತೆ. ಈ 'ಬೇರೆ ನೀರು ಸಿಗದೇ ಹೋದರೆ' ಎನ್ನುವ ಮಾತನ್ನು ಎರಡು ಸಲ ಓದಿ. ಅದು ನಮಗೋಸ್ಕರ ಬರೆದ ಮಾತು. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ನೀರು ಆ 1.5ನ್ನೂ ದಾಟಿದೆ ಅಂತ ಸರ್ಕಾರದ ಪರೀಕ್ಷೆಗಳೇ ಮತ್ತೆ ಮತ್ತೆ ಹೇಳಿವೆ.

ಹಲ್ಲಿನ ವಿಷಯದಲ್ಲಿ ಒಂದು ಗುಟ್ಟು ಇದೆ, ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಬೇಕು. ಫ್ಲೋರೈಡು ಹಲ್ಲನ್ನು ಹೊರಗಿನಿಂದ ಕಲೆ ಮಾಡೋದಲ್ಲ. ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿರುವಾಗ, ಹುಟ್ಟಿನಿಂದ ಸುಮಾರು ಎಂಟು ವರ್ಷದ ತನಕ, ಅದರ ಮೇಲಿನ ಪದರವನ್ನೇ ಕೆಡಿಸುತ್ತೆ. ಅದು ಮೂಡಿ ಬರುವ ಹೊತ್ತಿಗೇ ಕೆಟ್ಟಿರುತ್ತೆ. ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಇಪ್ಪತ್ತೈದು ವರ್ಷದ ನಮ್ಮ ಬಾಯಲ್ಲಿರುವ ಕಲೆ, ನಾವು ಅಂಗನವಾಡಿಯಲ್ಲಿದ್ದಾಗ ಕುಡಿದ ನೀರಿನ ದಾಖಲೆ. ಕಂದಾಯ ಇಲಾಖೆಯ ಪಹಣಿ ತಿದ್ದಬಹುದು, ಈ ಪಹಣಿ ತಿದ್ದೋಕೆ ಆಗಲ್ಲ. ಇನ್ನೂ ಹೆಚ್ಚು ಕಾಲ, ಇನ್ನೂ ಹೆಚ್ಚು ಕುಡಿದರೆ ಅದು ಮೂಳೆಗೂ ಇಳಿಯುತ್ತೆ. ಕೀಲು ಬಿಗಿಯುತ್ತೆ, ಬೆನ್ನು ಬಾಗುತ್ತೆ. ನಮ್ಮವರ ಬೆನ್ನು ಬಾಗಿರೋದನ್ನು ಕಂಡವರು ವಿನಯ ಅಂದುಕೊಂಡರು.

ಎತ್ತಿನಹೊಳೆಗೆ 2014ರಲ್ಲಿ ಅಡಿಗಲ್ಲು ಹಾಕಿದರು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಪಂಪು ಚಾಲೂ ಮಾಡಿದರು. ಆ ಕಲ್ಲು ಹಾಕಿದ ದಿನ ನಮ್ಮ ಕೇರಿಯಲ್ಲಿ ಹುಟ್ಟಿದ ಕೂಸಿಗೆ ಪಂಪು ಚಾಲೂ ಆದಾಗ ಹತ್ತು ವರ್ಷ. ಅದರ ಹಲ್ಲಿನ ಲೆಕ್ಕ ಎಂಟಕ್ಕೇ ಮುಗಿದುಹೋಗಿತ್ತು. ಸರ್ಕಾರದ ಪಂಚವಾರ್ಷಿಕ ಬೇರೆ, ಹಲ್ಲಿನ ಪಂಚವಾರ್ಷಿಕ ಬೇರೆ.

ಈ ದೇಶದಲ್ಲಿ ಫ್ಲೋರೋಸಿಸ್ ಅನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ. ನೆಲ್ಲೂರು ಎಲ್ಲಿದೆ? ನಮ್ಮ ನಂದಿಯಲ್ಲಿ ಹುಟ್ಟಿ, ಗೌರಿಬಿದನೂರು ಹಾದು ಹೋಗುವ ಉತ್ತರ ಪಿನಾಕಿನಿ ಸಮುದ್ರ ಸೇರುವ ಕಡೆ ಇದೆ. ನದಿಯ ಬಾಲದಲ್ಲಿ 1937ರಲ್ಲಿ ತಿಳಿದ ಸಂಗತಿ ನದಿಯ ತಲೆಯಲ್ಲಿದ್ದ ನಮ್ಮ ಅವ್ವಂದಿರಿಗೆ ತಲುಪಲಿಲ್ಲ. ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ್ದು 2008-09ರಲ್ಲಿ. ನಡುವೆ ಎಪ್ಪತ್ತು ವರ್ಷ. ಈ ಎಪ್ಪತ್ತು ವರ್ಷದಲ್ಲಿ ತಿಳಿವಳಿಕೆಗೆ ಕೊರತೆ ಇರಲಿಲ್ಲ. ತಿಳಿದವರಿಗೂ ಕುಡಿದವರಿಗೂ ನಡುವೆ ದಾರಿ ಇರಲಿಲ್ಲ.

*

ಕಳೆದ ವರ್ಷ ಇನ್ನೊಂದು ವ್ಯಾನು ಬಂತು. ಈ ಸಲ ಚಿಂತಾಮಣಿ ಕಡೆಯ ಒಂದು ಹಳ್ಳಿಗೆ. ನಾವು ಜತೆಗೆ ಹೋದೆವು, ದುಭಾಷಿಗಳಾಗಿ. ನಮ್ಮ ಕಡೆ ಅಜ್ಜಿಯರ ಮನೆಮಾತು ತೆಲುಗು, ಬಂದವರ ಕಾಗದ ಇಂಗ್ಲಿಷು. ಒಪ್ಪಿಗೆ ಪತ್ರಕ್ಕೆ ಒಂದು ಕನ್ನಡ ಅನುವಾದವೂ ಇತ್ತು. ಅದನ್ನು ಓದಿದರೆ ಇಂಗ್ಲಿಷೇ ವಾಸಿ ಅನ್ನಿಸುತ್ತಿತ್ತು. 'ಭಾಗಿದಾರರು ಯಾವ ಕಾರಣವನ್ನೂ ನೀಡದೆ ಯಾವ ಹಂತದಲ್ಲಾದರೂ ಹಿಂದೆ ಸರಿಯಲು ಮುಕ್ತರಿರುತ್ತಾರೆ' ಅಂತ ಒಂದು ವಾಕ್ಯ. ಒಬ್ಬ ಮುದುಕಿಗೆ ನಾವು ತೆಲುಗಿನಲ್ಲಿ ಬಿಡಿಸಿ ಹೇಳಿದೆವು. ಅವಳು ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳುತ್ತಾ ಕೇಳಿದಳು: 'ಹಿಂದೆ ಸರಿದು ಎಲ್ಲಿಗೆ ಹೋಗ್ಲಪ್ಪಾ? ನಲ್ಲಿ ಇರೋದು ಇಲ್ಲೇ ಅಲ್ವಾ?'

ನೈತಿಕ ಸಮಿತಿಯವರು ಯಾರಾದರೂ ಆ ಮುದುಕಿಗೆ ಉತ್ತರ ಕೊಡಲಿ.

ಆ ತಂಡದ ಮುಂದಾಳು ಒಬ್ಬ ವಿದ್ಯಾರ್ಥಿನಿ. ನಮ್ಮವಳೇ. ಅವಳ ಅಪ್ಪ ತಮಟೆ ಬಾರಿಸುವವರು. ಮನೆತನದಲ್ಲಿ ಮೊದಲ ಡಾಕ್ಟರು. ಅವಳ ಮುಂದಿನ ಎರಡು ಹಲ್ಲಿನ ಮೇಲೂ ಅದೇ ಬಿಳೀ ಮಚ್ಚೆ. ಹಿಂದಿರುಗುವಾಗ ವ್ಯಾನಿನಲ್ಲಿ ಅವಳು ಹೇಳಿದ ಮಾತು ಕೇಳಿ. 'ನಾನು ನೀರನ್ನೂ ಪರೀಕ್ಷೆ ಮಾಡ್ತೀನಿ ಅಂದೆ. ಅದು ನಮ್ಮ ವಿಭಾಗದ ಕೆಲಸ ಅಲ್ಲ, ಹಲ್ಲು ಎಣಿಸು ಸಾಕು ಅಂದ್ರು. ಫಲಿತಾಂಶ ಪಂಚಾಯ್ತಿಗೆ ಕೊಡ್ತೀನಿ ಅಂದೆ. ಪ್ರಬಂಧಕ್ಕೆ ಮುಂಚೆ ಹೊರಗೆ ಬಿಡಬೇಡ ಅಂದ್ರು. ಪ್ರಬಂಧ ಆದ ಮೇಲೆ ಕೊಡ್ಲಾ ಅಂದೆ. ಮೊದ್ಲು ಪಾಸಾಗು ನೋಡೋಣ ಅಂದ್ರು.' ಸುಮ್ಮನಾದಳು. ಆಮೇಲೆ, 'ಸಹಿ ಅವರ ಕೈಯಲ್ಲಿದೆ ಅಣ್ಣಾ' ಅಂದಳು.

ನಮ್ಮ ಅಪ್ಪಂದಿರು ಇದೇ ಮಾತನ್ನು ಬೇರೆ ರೀತಿ ಹೇಳುತ್ತಿದ್ದರು. 'ಪತ್ರ ದಣಿ ಕೈಯಲ್ಲಿದೆ' ಅನ್ನುತ್ತಿದ್ದರು. ಜೀತಪದ್ಧತಿ ರದ್ದಾದದ್ದು 1976ರಲ್ಲಿ. ಕೊಟ್ಟಿಗೆಯಿಂದ ಬಿಟ್ಟ ಅದು ಎಲ್ಲೆಲ್ಲಿ ಹೋಗಿ ಕೂತಿದೆ ನೋಡಿ.

ಇದನ್ನು ನಾವು ಉತ್ಪ್ರೇಕ್ಷೆ ಮಾಡುತ್ತಿದ್ದೇವೆ ಅನ್ನುವವರಿದ್ದಾರೆ. ಅವರು 2007ರ ಥೋರಟ್ ಸಮಿತಿಯ ವರದಿ ಓದಲಿ. ದೆಹಲಿಯ ಏಮ್ಸ್‌ನಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲಿನಿಂದ ಹಿಡಿದು ಪರೀಕ್ಷೆಯ ತನಕ ಏನೇನು ಆಗುತ್ತೆ ಅಂತ ಅದರಲ್ಲಿದೆ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಸತ್ತ. 2019ರ ಮೇ 22ರಂದು ಮುಂಬೈಯಲ್ಲಿ ಸ್ತ್ರೀರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ, ಆದಿವಾಸಿ ಹೆಣ್ಣುಮಗಳು ಪಾಯಲ್ ತಡ್ವಿ ಸತ್ತಳು. ಪ್ರವೇಶ ಪರೀಕ್ಷೆಯ ಬಾಗಿಲು ದಾಟಿದರೆ ಜಾತಿ ಹೊರಗೆ ನಿಲ್ಲುತ್ತೆ ಅಂದುಕೊಂಡಿದ್ದೆವು. ಅದು ನಮಗಿಂತ ಮುಂಚೆ ಒಳಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿತ್ತು.

ಹಾಗಾದರೆ ಮಾರ್ಗದರ್ಶಕರೇ ಬೇಡವಾ? ಬೇಕು. ಬಾಬಾಸಾಹೇಬರಿಗೂ ಇದ್ದರು. ಲಂಡನ್ನಿನಲ್ಲಿ ಅವರು ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಪ್ರಬಂಧ ಬ್ರಿಟಿಷ್ ಆಡಳಿತದ ಹಣಕಾಸಿನ ನೀತಿಯನ್ನೇ ಹಿಡಿದು ಪ್ರಶ್ನಿಸಿತು. 1923ರಲ್ಲಿ ಅದು ಪುಸ್ತಕವಾದಾಗ ಮುನ್ನುಡಿ ಬರೆದವರು ಅವರ ಪ್ರಾಧ್ಯಾಪಕ ಎಡ್ವಿನ್ ಕ್ಯಾನನ್. ತಾನು ಎಷ್ಟೋ ಕಡೆ ಇವರ ವಾದ ಒಪ್ಪೋದಿಲ್ಲ ಅಂತ ಆ ಮುನ್ನುಡಿಯಲ್ಲೇ ಹೇಳಿದರು, ಆದರೂ ಬರೆದರು. ಮಾರ್ಗದರ್ಶನ ಅಂದರೆ ಅದು. ಶಿಷ್ಯ ತನ್ನ ಮಾತು ಒಪ್ಪದಿದ್ದಾಗಲೂ ಸಹಿ ಹಾಕುವ ಕೈ ಗುರುವಿನದು. ಒಪ್ಪಿದರೆ ಮಾತ್ರ ಸಹಿ ಹಾಕುವ ಕೈ ದಣಿಯದು.

*

ಈಗ ಎದುರು ವಾದಗಳು. ಓದಿದ ಗೆಳೆಯರು ನಮಗೆ ಹೇಳುವ ಮಾತುಗಳಿವು.

ಒಂದು: 'ಸಂಶೋಧನೆ ಬೇಡ ಅನ್ನೋದು ಮೂಢತನ.' ನಾವು ಬೇಡ ಅಂದಿಲ್ಲ. ಫ್ಲೋರೈಡು ಅಂತ ಒಂದಿದೆ ಅನ್ನೋದೇ ನಮಗೆ ತಿಳಿದದ್ದು ಸಂಶೋಧನೆಯಿಂದ. ಇಲ್ಲದಿದ್ದರೆ ಹಲ್ಲು ಕೆಡೋದು ಹಣೆಬರಹ, ಮಾರಮ್ಮನ ಸಿಟ್ಟು, ಹೋದ ಜನ್ಮದ ಪಾಪ ಅಂತಲೇ ಇರುತ್ತಿದ್ದೆವು. ಕರ್ಮಸಿದ್ಧಾಂತಕ್ಕಿಂತ ಡೀನನ ಅಳತೆ ಸಾವಿರ ಪಾಲು ಮೇಲು. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದ ಸಂಶೋಧನೆ ಮಾಡಿ ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷೆಗೆ ಕರೆದರು. ಆ ಮಣ್ಣಿನವರು ನಾವು. ನಮಗೆ ವಿಜ್ಞಾನದ ಮೇಲೆ ಸಿಟ್ಟಿಲ್ಲ. ವಿಜ್ಞಾನ ಊರಿನ ತನಕ ಬಂದು ಕೇರಿಯ ಮೂಲೆಯಲ್ಲಿ ಹಿಂದಿರುಗುತ್ತಲ್ಲ, ಅದರ ಮೇಲೆ ಸಿಟ್ಟು.

ಎರಡು: 'ಯಾರಿಗೂ ತೊಂದರೆ ಕೊಟ್ಟಿಲ್ಲವಲ್ಲ, ಬರೀ ನೋಡಿದ್ದಾರೆ.' ನೋಡಿ ಸುಮ್ಮನಿರೋದೂ ಒಂದು ಕೆಲಸ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ, ನಲವತ್ತು ವರ್ಷ, ಸಿಫಿಲಿಸ್ ಇದ್ದ ಬಡ ಕಪ್ಪು ಜನರನ್ನು ಸರ್ಕಾರಿ ವೈದ್ಯರು ಬರೀ ನೋಡುತ್ತಿದ್ದರು. ಪೆನ್ಸಿಲಿನ್ ಬಂದ ಮೇಲೂ ಕೊಡದೆ ನೋಡಿದರು. ಹಲ್ಲಿನದೇ ಕಥೆ ಬೇಕಾದರೆ ಸ್ವೀಡನ್ನಿನ ಲುಂಡ್ ಊರಿನ ವಿಪೆಹೋಮ್ ಆಸ್ಪತ್ರೆಯದು ಕೇಳಿ. 1945ರಿಂದ ಶುರುವಾದ ಪ್ರಯೋಗದಲ್ಲಿ, ಬುದ್ಧಿಮಾಂದ್ಯರೆಂದು ಅಲ್ಲಿ ಇಟ್ಟಿದ್ದವರಿಗೆ ಹಲ್ಲಿಗೆ ಅಂಟುವ ಟಾಫಿ ತಿನ್ನಿಸಿ, ಹಲ್ಲು ಹೇಗೆ ಹುಳುಕಾಗುತ್ತೆ ಅಂತ ಲೆಕ್ಕ ಬರೆದರು. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಮಿಠಾಯಿ ಉದ್ಯಮದ ಪಾಲೂ ಇತ್ತು. ಪದೇ ಪದೇ ಸಿಹಿ ತಿಂದರೆ ಹಲ್ಲು ಕೆಡುತ್ತೆ ಅಂತ ಲೋಕದ ಮಕ್ಕಳಿಗೆಲ್ಲ ಪಾಠವಾಯಿತು. ಆ ಪಾಠಕ್ಕೆ ಹಲ್ಲು ಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಟಾಫಿ ಬೇಕಾಗಿಲ್ಲ. ನಲ್ಲಿ ತಿರುಗಿಸಿದರೆ ಪ್ರಯೋಗ ತಾನಾಗಿ ನಡೆಯುತ್ತೆ, ಬಂದು ಎಣಿಸಿಕೊಂಡು ಹೋದರೆ ಆಯಿತು.

ಮೂರು: 'ಇಪ್ಪತ್ತೇಳು ವರ್ಷದ ಒಬ್ಬ ವಿದ್ಯಾರ್ಥಿ ಇಡೀ ಜಿಲ್ಲೆಗೆ ನೀರು ತರೋಕಾಗುತ್ತಾ?' ಆಗಲ್ಲ. ನಾವು ನೀರು ಕೇಳುತ್ತಿಲ್ಲ ಅವನನ್ನು, ಕಾಗದ ಕೇಳುತ್ತಿದ್ದೇವೆ. ತಾನು ಕಂಡದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಊರಿಗೆ ಕೊಡಲಿ. ನೀರು ಕೇಳುವ ಕೆಲಸ ನಾವು ಮಾಡುತ್ತೇವೆ. ಆದರೆ ಬರೀ ಬಾಯಿ ತೆಗೆದು ಕೂಗಿದರೆ ಡಿ.ಸಿ. ಕಚೇರಿ ಅದನ್ನು ಗಲಾಟೆ ಅನ್ನುತ್ತೆ. ಕೈಯಲ್ಲಿ ಡಾಕ್ಟರ ಅಂಕಿ ಇದ್ದರೆ ಅದನ್ನು ಮನವಿ ಅನ್ನುತ್ತೆ.

ನಾಲ್ಕು: 'ಫ್ಲೋರೈಡಿಗೆ ಜಾತಿ ಇದೆಯಾ? ರೆಡ್ಡಿಗಳೂ ಕುಡಿದಿಲ್ಲವಾ, ಗೌಡರೂ ಕುಡಿದಿಲ್ಲವಾ?' ಇದು ಒಳ್ಳೆ ಪ್ರಶ್ನೆ. ಫ್ಲೋರೈಡಿಗೆ ಜಾತಿ ಇಲ್ಲ. ನಲ್ಲಿಗೆ ಇದೆ. ಕೆರೆಗೆ ಇತ್ತು, ಅದಕ್ಕೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದಲ್ಲಿ ಚೌದಾರ್ ಕೆರೆಗೆ ಇಳಿಯಬೇಕಾಯಿತು. ಈಗ ಊರ ಮುಂದೆ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕಬೇಕು, ಕ್ಯಾನು ಹಿಡಿಯಬೇಕು. ಬೈಕು ಇದ್ದವನು ದಿನಾ ಎರಡು ಕ್ಯಾನು ತರುತ್ತಾನೆ. ಕೂಲಿಯಿಂದ ಕತ್ತಲಿಗೆ ಮನೆಗೆ ಬರುವವಳು ಕೇರಿಯ ನಲ್ಲಿಯಲ್ಲೇ ಹಿಡಿಯುತ್ತಾಳೆ. ಘಟಕ ಕೆಟ್ಟರೆ ಉಳ್ಳವನು ಪಕ್ಕದ ಊರಿಂದ ತರುತ್ತಾನೆ, ನಾವು ರಿಪೇರಿ ಆಗೋ ತನಕ ಕಾಯುತ್ತೇವೆ. ಹಲ್ಲು ಕೆಟ್ಟ ಮೇಲೂ ಲೆಕ್ಕ ಹಾಗೇ. ಗೌಡರ ಮಗಳಿಗೆ ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಹಲ್ಲಿನ ಮೇಲೆ ಹೊಸ ಪದರ ಕೂರಿಸುತ್ತಾರೆ. ನಮ್ಮ ಹುಡುಗಿ ಸೆರಗು ಅಡ್ಡ ಹಿಡಿಯುತ್ತಾಳೆ. ಚಿಂತಾಮಣಿಯ ಆ ವ್ಯಾನಿನ ನಮೂನೆಯಲ್ಲಿ ವಯಸ್ಸು ಇತ್ತು, ಲಿಂಗ ಇತ್ತು, ಹಲ್ಲುಜ್ಜುವ ಅಭ್ಯಾಸ ಇತ್ತು. 'ಯಾವ ನಲ್ಲಿಯ ನೀರು, ಕ್ಯಾನು ಕೊಳ್ಳುವ ಶಕ್ತಿ ಇದೆಯಾ' ಅನ್ನುವ ಕಾಲಮ್ಮು ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು?

*

ಹಾಗಾದರೆ ಏನು ಮಾಡಬೇಕು?

ಹೊಸ ಕಾನೂನು ಕೇಳಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಮಾರ್ಗಸೂಚಿ ಮಾಡಿದೆ. ಒಪ್ಪಿಗೆಯನ್ನು ಜನಕ್ಕೆ ತಿಳಿಯುವ ಭಾಷೆಯಲ್ಲಿ ಕೇಳಬೇಕು ಅಂತ ಅದರಲ್ಲಿದೆ. ಮಕ್ಕಳಾದರೆ ತಂದೆ ತಾಯಿಯ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು ಅಂತಿದೆ. ಸಂಶೋಧನೆಯ ಲಾಭ ಅದರಲ್ಲಿ ಭಾಗವಹಿಸಿದ ಜನಕ್ಕೂ ಮುಟ್ಟಬೇಕು ಅಂತಿದೆ. ಬರೆದದ್ದು ಚೆನ್ನಾಗೇ ಇದೆ. ಸಂವಿಧಾನವೂ ಚೆನ್ನಾಗೇ ಇದೆ. ಅದನ್ನು ಓದಿ ಹೇಳುವವರು ಊರಲ್ಲಿ ಇರಬೇಕು ಅಷ್ಟೆ. ಅವರು ನಾವು.

ಮೇಷ್ಟ್ರುಗಳೇ, ಮೊದಲ ಮಾತು ನಿಮಗೆ. ವ್ಯಾನು ಬಂದಾಗ ಸಹಿ ಹಾಕುವ ಪೆನ್ನು ನಿಮ್ಮ ಜೇಬಿನಲ್ಲಿದೆ. ಮಕ್ಕಳ ಬಾಯಿ ಶಾಲೆಯ ಬೆಂಚಲ್ಲ, ನೀವು ಎರವಲು ಕೊಡೋಕೆ. ತಂದೆ ತಾಯಿಯರನ್ನು ಸಂಜೆ ಕರೆಸಿ. ಏನು ನೋಡುತ್ತಾರೆ, ಯಾಕೆ ನೋಡುತ್ತಾರೆ, ನೋಡಿ ಏನು ಕೊಡುತ್ತಾರೆ ಅಂತ ಕನ್ನಡದಲ್ಲಿ, ತೆಲುಗಿನಲ್ಲಿ ಹೇಳಿಸಿ. ಆಮೇಲೆ ಸಹಿ. ಆ ಕಾಗದದ ಒಂದು ಪ್ರತಿ ಶಾಲೆಯಲ್ಲಿ ಉಳಿಯಲಿ.

ಎರಡನೇ ಮಾತು ದಂತವೈದ್ಯ ಕಾಲೇಜುಗಳ ಗೈಡುಗಳಿಗೆ. ಹಲ್ಲು ಎಣಿಸುವ ಪ್ರಬಂಧಕ್ಕೆ ನೀರಿನ ಪರೀಕ್ಷೆಯೂ ಸೇರಲಿ. ನೀರು ಬಿಟ್ಟು ಹಲ್ಲು ನೋಡೋದು, ಕೊಲೆಗಾರನನ್ನು ಬಿಟ್ಟು ಹೆಣ ಅಳೆದ ಹಾಗೆ. ಅಂಕಿ ಕೂಗಿದ ಮೇಲೆ ಆ ಅಂಕಿಯ ಅರ್ಥವನ್ನು ಆ ಮಗುವಿಗೂ ಹೇಳಿ. ಮೂರು, ನಾಲ್ಕು ಬಂದ ಮಕ್ಕಳಿಗೆ ನಿಮ್ಮ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಚಿಕಿತ್ಸೆ ಕೊಡಿ. ಅವರ ಹಲ್ಲಿನಿಂದ ನಿಮ್ಮ ವಿದ್ಯಾರ್ಥಿಗೆ ಪದವಿ ಬಂತು, ಆ ಋಣ ತೀರಿಸೋದು ದಾನವಲ್ಲ. ಪ್ರಬಂಧ ಕಪಾಟಿಗೆ ಹೋಗುವ ಮುಂಚೆ ಅದರ ಎರಡು ಪುಟ ಗ್ರಾಮಸಭೆಗೆ ಬರಲಿ, ಆ ವಿದ್ಯಾರ್ಥಿಯೇ ನಿಂತು ಓದಲಿ. ಪರೀಕ್ಷಕರ ಮುಂದೆ ನಿಲ್ಲುವವರು ಆ ಹೆಬ್ಬೆಟ್ಟಿನ ಮುದುಕಿಯ ಮುಂದೆಯೂ ಒಂದು ಸಲ ನಿಲ್ಲಲಿ. ಅವಳು ಕೇಳುವ ಪ್ರಶ್ನೆ ಯಾವ ಪರೀಕ್ಷಕರ ಪ್ರಶ್ನೆಗೂ ಕಡಿಮೆಯದಲ್ಲ.

ಮೂರನೇ ಮಾತು ನಮ್ಮವರಿಗೇ. ಒಳಗೆ ಹೋದ ನಮ್ಮ ಹುಡುಗ ಹುಡುಗಿಯರಿಗೆ. ನಿಮ್ಮ ಮೇಲೆ ಎಷ್ಟು ಒತ್ತಡ ಇದೆ ಅಂತ ನಮಗೆ ಗೊತ್ತು. ಸಹಿಗಾಗಿ ಬಾಗಿಲಲ್ಲಿ ಕಾಯುವ ಸಂಕಟ ಗೊತ್ತು. ಅದಕ್ಕೇ ಒಬ್ಬೊಬ್ಬರೇ ಕಾಯಬೇಡಿ. ಒಬ್ಬರ ವಿಷಯ ತಳ್ಳಿಹಾಕಿದರೆ ಐದು ಜನ ಕೂಡಿ ಕೇಳಿ, ಬರೆದು ಕೇಳಿ, ದಾಖಲೆ ಇಡಿ. ಹೊರಗೆ ಸಂಘಟನೆ ಇದೆ, ಪತ್ರಿಕೆ ಇದೆ, ನಾವಿದ್ದೇವೆ. ಇನ್ನೊಂದು ಮಾತು ಹೇಳಲೇಬೇಕು, ಸಿಟ್ಟಾಗಬೇಡಿ. ಬಿಳೀ ಕೋಟು ಹಾಕಿದ ಮೇಲೆ ನೀವೂ ನಮ್ಮ ಕಡೆ ನೋಡದೆ ಅಂಕಿ ಕೂಗಬೇಡಿ. ನಮ್ಮವರು ಕೂಗಿದರೆ ನಾಲ್ಕು ಮೂರಾಗಲ್ಲ.

ನಾಲ್ಕನೇ ಮಾತು ಕಾರ್ಯಕರ್ತರಿಗೆ. ನಾವು ಭೂಮಿಗೆ ಹೋರಾಡಿದೆವು, ದೇವಸ್ಥಾನದ ಬಾಗಿಲಿಗೆ ಹೋರಾಡಿದೆವು, ಹೋಟೆಲಿನ ಲೋಟಕ್ಕೆ ಹೋರಾಡಿದೆವು. ಬಾಯೊಳಗೆ ಏನಾಗಿದೆ ಅಂತ ನಾವೇ ನೋಡಿಕೊಳ್ಳಲಿಲ್ಲ. ಈ ಜಿಲ್ಲೆಗಳ ಹಲ್ಲಿನ ಮೇಲೆ ಆಗಿರುವ ಪ್ರಬಂಧಗಳು ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿವೆ. ಹೋಗಿ ಕೇಳಿ, ಮಾಹಿತಿ ಹಕ್ಕಿನ 2005ರ ಕಾಯ್ದೆ ಇದೆ, ಅರ್ಜಿ ಹಾಕಿ. ಅದು ನಮ್ಮ ಆಸ್ತಿ. ನಮ್ಮ ಬಾಯಿಂದ ಹೋದದ್ದು.

*

ಕೊನೆಗೆ ಒಂದು ಮಾತು. 2000ದ ಮಾರ್ಚ್ 11ರಂದು ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ 'ಸರಿ' ಅಂದಿತು. ಸಾಕ್ಷಿ ಹೇಳಬೇಕಾದವರು ತಿರುಗಿಬಿದ್ದರು. ಯಾಕೆ ತಿರುಗಿಬಿದ್ದರು ಅಂತ ಈ ಮಣ್ಣಿನ ಮಕ್ಕಳಿಗೆ ಹೇಳಬೇಕಾಗಿಲ್ಲ. ನಾಳೆಯೂ ಅದೇ ಊರಲ್ಲಿ ಬದುಕಬೇಕಲ್ಲ.

ಹಲ್ಲು ಮಾತ್ರ ತಿರುಗಿಬೀಳುವ ಸಾಕ್ಷಿಯಲ್ಲ. ಅದನ್ನು ಹೆದರಿಸೋಕಾಗಲ್ಲ, ಕೊಳ್ಳೋಕಾಗಲ್ಲ. ಎಂಟು ವರ್ಷದ ತನಕ ನಮಗೆ ಯಾರು ಎಂಥ ನೀರು ಕುಡಿಸಿದರು ಅಂತ ಅದು ಸಾಯೋ ತನಕ ಹೇಳುತ್ತಲೇ ಇರುತ್ತೆ. ಇಷ್ಟು ದಿನ ಆ ಸಾಕ್ಷಿಯನ್ನು ಕೈ ಅಡ್ಡ ಹಿಡಿದು ಮುಚ್ಚಿದವರು ನಾವೇ. ನಾಚಿಕೆ ನಮ್ಮದು ಅಂದುಕೊಂಡಿದ್ದೆವು.

ನಾಚಿಕೆ ನಮ್ಮದಲ್ಲ ಗೆಳೆಯರೇ. ಮುಂದಿನ ಸಲ ವ್ಯಾನು ಬಂದಾಗ, ಬಾಯಿ ತೆಗಿ ಅಂದಾಗ, ತೆಗೆಯೋಣ. ಕನ್ನಡಿ ಇಡೋಕೆ ಮುಂಚೆ ಮಾತಾಡೋಣ. ನಾಲ್ಕು ಬಂದ ನಮ್ಮ ಗೆಳೆಯನಿಗೆ ನಾವು ಇದನ್ನು ಓದಿ ಹೇಳಿದೆವು. ಅವನು ಕೇಳಿದ: 'ಈಗ ಅವರಿಗೆ ನಾವು ಎಷ್ಟು ಮಾರ್ಕ್ಸು ಕೊಡೋಣ?'

ಹೇಳಿ, ಎಷ್ಟು ಕೊಡೋಣ?